ಅಪ್ಪನ ಗೋಡೆಗೆ ನನ್ನ ಷರಾ

ಕೆಲವರಿಗೆ ಉಗುರು ಕಚ್ಚುವ ಚಟ, ನನಗೆ ಗೋಡೆ ತಟ್ಟುವ ಚಟ. ಕಾಪುವಿನ ಮನೆಗೆ ಸೊಸೆಯಾಗಿ ಕಾಲಿಟ್ಟ ದಿನವೇ ಚಾವಡಿಯ ಗೋಡೆಯನ್ನು ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟವಳನ್ನು ಕಂಡು ಅತ್ತೆಯವರು ಗಾಬರಿಯಾಗಿದ್ದರಂತೆ. ಕಟ್ಟಡಗಳ ಸ್ಥೈರ್ಯದ ಬಗ್ಗೆ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಇದು ವೃತ್ತಿದೋಷ ಎನ್ನಬಹುದು, ನಿಜದಲ್ಲಿ ಪಿತ್ರಾರ್ಜಿತ. ಅಲೆವೂರಿನ ನನ್ನ ಅಪ್ಪ ಕೆಂಪುಕಲ್ಲು ಕಟ್ಟುವ ಮೇಸ್ತ್ರಿ.

ಅವರು ಮಣಿಪಾಲದಲ್ಲಿ ಕಟ್ಟಿದ ಹಾಸ್ಟೆಲೊಂದು ಈಗ ವಿಶ್ವವಿದ್ಯಾಲಯದ ಗ್ರಂಥಾಲಯ. ನೆಂಟರನ್ನು ಉಡುಪಿಗೆ ಕರೆದೊಯ್ದರೆ ದೇವರಿಗಿಂತ ಮೊದಲು ಆ ಕಟ್ಟಡದ ದರ್ಶನ ಮಾಡಿಸುವವರು ಅವರು. ವಿದ್ಯಾರ್ಥಿಗಳು ಮಲಗುತ್ತಿದ್ದ ಮಾಳಿಗೆಯಲ್ಲಿ ಈಗ ಅವರಿಗಿಂತ ಭಾರವಾದ ಗ್ರಂಥಗಳು ಮಲಗಿವೆ. ಭೂಮಿ ನಡುಗಿದರೆ ತಡೆದೀತೇ, ಇಲ್ಲವಾದರೆ ಕೆಡವುವುದೇ ಲೇಸೇ ಎಂದು ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂತು. ಕಟ್ಟಿದವರು ನನ್ನ ಅಪ್ಪ ಎಂದು ವಿಶ್ವವಿದ್ಯಾಲಯದವರಿಗೆ ಮೊದಲೇ ಹೇಳಿದೆ. ಜೊತೆಗೆ ಸಹೋದ್ಯೋಗಿಯೊಬ್ಬರನ್ನು ಹಾಕಿದರು. ಅಪ್ಪನನ್ನು ಯಾರೂ ಹಾಕಲಿಲ್ಲ, ಅವರೇ ಬಂದರು.

ನಕ್ಷೆಯಲ್ಲಿ ಬಾಗಿಲು ಕಿಟಕಿಗಳ ಮೇಲೆ ಮಾತ್ರ ಕಾಂಕ್ರೀಟಿನ ಪಟ್ಟಿ ಇತ್ತು. ಭೂಮಿ ನಡುಗಿದಾಗ ಗೋಡೆಗಳು ಚದುರದಿರಲು ಅದು ಉಡಿದಾರದ ಹಾಗೆ ಸುತ್ತಲೂ ಬೇಕು. "ಸುತ್ತ ಎಳೆದಿದ್ದೇನೆ ಮಗಾ. ನಿನ್ನ ಮಿಷಿನ್ ಹಿಡಿದು ನೋಡು, ಒಳಗೆ ಕಬ್ಬಿಣ ಉಂಟು" ಎಂದರು ಅಪ್ಪ. ಮಾಳಿಗೆ ಹತ್ತಿ, ಒಳಗೆ ಕಬ್ಬಿಣವಿದ್ದರೆ ಕೂಗುವ ಆ ಯಂತ್ರವನ್ನು ಗೋಡೆಗೆ ಹಿಡಿದೆ. ಪೂರ್ವದಲ್ಲಿ ಯಂತ್ರ ಕೂಗಿತು, ಉತ್ತರದಲ್ಲಿ ಕೂಗಿತು, ದಕ್ಷಿಣದಲ್ಲೂ. ಪ್ರತಿ ಕೂಗಿಗೂ ನನ್ನ ಎದೆ ಒಂದಿಂಚು ಉಬ್ಬಿತೆಂದು ಒಪ್ಪಿಕೊಳ್ಳುತ್ತೇನೆ. ಪಶ್ಚಿಮದಲ್ಲಿ ಕಿಟಕಿಯ ಮೇಲಿನ ಪಟ್ಟಿ ದಾಟಿದ್ದೇ ಅದು ಸುಮ್ಮನಾಯಿತು.

ಆ ಗೋಡೆಯನ್ನು ತಾವೇ ಗೆಣ್ಣಿನಿಂದ ತಟ್ಟಿದ ಅಪ್ಪನಿಗೆ ಆಗ ನೆನಪಾಯಿತು. ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ಕಳೆದರೆ ಮಳೆಗಾಲ. ಅದಕ್ಕೆ ಮೊದಲು ಮಾಡಿಗೆ ಹಂಚು ಹೊದೆಸಲೇಬೇಕೆಂಬುದು ನಮ್ಮ ಕಡೆಯ ಮೇಸ್ತ್ರಿಗಳ ಹಠ. ಆ ಅವಸರದಲ್ಲಿ ಕೊನೆಯ ಗೋಡೆಯನ್ನು ನಕ್ಷೆಯಲ್ಲಿದ್ದಷ್ಟೇ ಮಾಡಿ ಮುಗಿಸಿದ್ದರು, ಆಮೇಲೆ ವರ್ಷಗಟ್ಟಲೆ ಹೊಗಳಿಕೊಳ್ಳುವ ಭರದಲ್ಲಿ ಮರೆತೇಬಿಟ್ಟಿದ್ದರು. ಸಹೋದ್ಯೋಗಿ ಕೆಳಗಿದ್ದರು. ನನ್ನ ಪೆನ್ನು ತಡವರಿಸಿದ್ದು ಸುಳ್ಳಲ್ಲ.

"ಬರಿ" ಎಂದರು ಅಪ್ಪ. "ಇಲ್ಲದ್ದನ್ನು ಉಂಟು ಅಂತ ಬರೆದರೆ, ಇದ್ದ ಮೂರನ್ನು ಯಾರು ನಂಬುವುದು?"

ಅಂತಹ ಮನುಷ್ಯನ ಮಗಳು ನಾನು ಎಂದು ಆ ಕ್ಷಣ ಅನಿಸಿದಷ್ಟು ಹೆಮ್ಮೆ ಪದವಿ ಪಡೆದ ದಿನವೂ ಅನಿಸಿರಲಿಲ್ಲ. ಬರೆದೆ: ಕೆಡವಬೇಕಾಗಿಲ್ಲ, ಪಶ್ಚಿಮದ ಗೋಡೆಗೆ ಪಟ್ಟಿ ಕಟ್ಟುವವರೆಗೆ ಪುಸ್ತಕಗಳು ಕೆಳಗಿಳಿಯಲಿ. ಹಳೆಯ ನಕ್ಷೆಯಲ್ಲಿ ಇಂಜಿನಿಯರರ ಹೆಸರಿತ್ತು, ಉದ್ಘಾಟನೆಯ ಕಲ್ಲಿನಲ್ಲಿ ಗಣ್ಯರ ಹೆಸರಿತ್ತು. ಮೇಸ್ತ್ರಿಯ ಹೆಸರು ಎಲ್ಲಿಯೂ ಇರಲಿಲ್ಲ. ವರದಿಯ ಮೊದಲ ಪುಟದಲ್ಲಿ ಅಪ್ಪನ ಹೆಸರು ಹಾಕಿ ಅವರಿಗೆ ಓದಿ ಹೇಳಿದೆ.

"ಪಶ್ಚಿಮದ್ದೂ ಬರೆದಿದ್ದೀಯಲ್ವಾ?"

ಬರೆದಿದ್ದೇನೆ ಎಂದೆ.

"ಹಾಗಾದರೆ ಹೆಸರು ಇರಲಿ" ಎಂದರು.