ಕಕ್ಕಿ ಕಳಿಸಿದ ಲಕೋಟೆ

ಆ ದಿನಗಳಲ್ಲಿ ಮುರುಮ ಊರಿನ ರಸ್ತೆಗೆ ಕಬ್ಬಿನ ಗಾಡಿಗಳು ಬಂದವೆಂದರೆ ನಮಗೆ ಹಸಿ ಜೋಳದ ತೆನೆ ಸುಟ್ಟ ಸೀತನಿ ತಿನ್ನುವ ಕಾಲ ಬಂತೆಂದೇ ಲೆಕ್ಕ. ಓಣಿಯ ಹುಡುಗಿಯರು ಕುಂಟಾಬಿಲ್ಲೆ ಆಡುವಾಗ ನಾನು ಮಾತ್ರ ಜೋಳದ ಹಾಲುಗಾಳು ಬಾಯಿಗೆ ಹಾಕಿಕೊಂಡು ಅಪ್ಪನ ಕುಲುಮೆಯ ಮುಂದೆ ಕೂರುತ್ತಿದ್ದೆ. ಅಪ್ಪ ಪತ್ತಾರ. ಇಷ್ಟಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಕರಡಿಗೆ ಮಾಡುವುದರಲ್ಲಿ ಯೆಣೆಗೂರಿನವರೆಗೂ ಅವನ ಹೆಸರಿತ್ತು. ಹನ್ನೊಂದು ವರ್ಷದ ನನಗೆ ಅರ ಹಿಡಿಯುವುದನ್ನು, ಬಿಳಿಗಾರ ಹಚ್ಚಿ ಬೆಸೆಯುವುದನ್ನು ಕಲಿಸುತ್ತಿದ್ದ. ಯಾಕೆ ಹೀಗೆ ಎಂದು ಕೇಳುವಂತಿರಲಿಲ್ಲ.

"ಮೊದಲ ಕೈ ಕಲೀಲಿ. ಬಾಯಿ ಆಮ್ಯಾಲ" ಎನ್ನುತ್ತಿದ್ದ.

ಆ ವರ್ಷ ಕಾಕಾನ ಮದುವೆಯಾಗಿ ಬಸವಕಲ್ಯಾಣದ ಕಡೆಯಿಂದ ಸರೋಜಾ ಕಕ್ಕಿ ಮನೆಗೆ ಬಂದಳು. ಅವಳ ಅಣ್ಣನದೂ ಬೆಳ್ಳಿ ಕೆಲಸವೇ. ಕಕ್ಕಿ ಮಧ್ಯಾಹ್ನ ಒಂದು ವಹಿ ಬಿಚ್ಚಿಕೊಂಡು ಒಡವೆಯ ಚಿತ್ರ ಬರೆಯುತ್ತಿದ್ದಳು. ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡಳು.

"ನೀ ತಿಕ್ಕಲಿಕತ್ತಿದ್ದು ಯಾರ ಕೊಳ್ಳಿಗಿ ಹೋಗೋದದ?"

"ಗೊತ್ತಿಲ್ಲ ಕಕ್ಕಿ."

"ಗೊತ್ತಿಲ್ಲಂದ್ರ ಹ್ಯಾಂಗ ಮಾಡ್ತಿ? ಮುದುಕಿಗಿ ಬ್ಯಾರೆ, ಕೂಸಿಗಿ ಬ್ಯಾರೆ."

ಬರೆಯುತ್ತ ಅವಳು ತನ್ನಷ್ಟಕ್ಕೇ ಮಾತಾಡುತ್ತಿದ್ದಳು. "ಇಲ್ಲಿ ಬಳ್ಳಿ ಬ್ಯಾಡ, ಹೊಲಸ ಕೂಡ್ತದ... ಛೇ, ತಪ್ತು." ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದಳು. ಹಾಗೆ ಅವಳು ತಪ್ಪುವುದನ್ನು ನೋಡುವುದೇ ನನಗೆ ಪಾಠವಾಗಿತ್ತು.

ಒಂದು ದಿನ ಅಪ್ಪ ನನ್ನನ್ನು ಹಿತ್ತಲಿಗೆ ಕರೆದ. "ಆಕಿ ಏನ ಬರೀತಾಳ, ನೋಡ್ಕೋತ ಇರು. ನಮ್ಮ ಅಜ್ಜನ ಕಾಲದ ನಮೂನಿ ಆಕಿ ತವರಮನಿಗಿ ಹೊಂಟಾವೇನೋ."

ಅಂದಿನಿಂದ ನನ್ನ ಕಣ್ಣೇ ಬೇರೆಯಾಯಿತು. ಕಕ್ಕಿ ದಾರ ಹಿಡಿದು ಕರಡಿಗೆಯ ಸುತ್ತಳತೆ ತೆಗೆದರೆ ಅನುಮಾನ. ಮುಚ್ಚಳ ಎಷ್ಟು ದಪ್ಪ ಎಂದು ಕೇಳಿದರೆ ಅನುಮಾನ. ಅಪ್ಪ ಒಳಗೆ ಬಂದಾಗ ವಹಿಯ ಮೇಲೆ ಸೆರಗು ಎಳೆದರಂತೂ ಕಳ್ಳತನವೇ ಖಾತ್ರಿ. ಎಲ್ಲವನ್ನೂ ಅಪ್ಪನಿಗೆ ಹೇಳುತ್ತಿದ್ದೆ. ದೊಡ್ಡವರು ನನ್ನ ಮಾತಿಗೆ ಕಿವಿಗೊಡುವುದು ಹಿತವಾಗಿತ್ತು.

ಒಂದು ಭಾನುವಾರ ಕಕ್ಕಿ ನನ್ನನ್ನು ಬಸ್‌ ಸ್ಟ್ಯಾಂಡಿಗೆ ಕರೆದೊಯ್ದಳು. ಬಸವಕಲ್ಯಾಣದ ಗಾಡಿಯ ಕಂಡಕ್ಟರನ ಕೈಗೆ ಅಂಟಿಸಿದ ಲಕೋಟೆ ಇಟ್ಟಳು. "ಅಲ್ಲಿ ನಮ್ಮಣ್ಣ ಬರ್ತಾನರೀ, ಅವಗ ಕೊಡ್ರಿ." ನನಗೆ ಬಿಸಿ ಶೇಂಗಾ ಕೊಡಿಸಿ, ಬಜಾರಕ್ಕೆ ಹೋಗಿ ಬರುತ್ತೇನೆಂದು ಮನೆಯ ದಾರಿ ಹಿಡಿಸಿದಳು. ಆ ಶೇಂಗಾ ತಿನ್ನುತ್ತಲೇ ಓಡಿಹೋಗಿ ಅಪ್ಪನಿಗೆ ಹೇಳಿದೆ.

ಅಪ್ಪ ಬರಿಗಾಲಲ್ಲಿ ಹೋಗಿ, ಇನ್ನೂ ಹೊರಡದ ಬಸ್ಸಿನಿಂದ ಲಕೋಟೆ ತಂದ. ಕಕ್ಕಿ ಮರಳಿದಾಗ ಅಂಗಳದಲ್ಲಿ ಎಲ್ಲರೆದುರು ಅದನ್ನು ಹರಿದ. ಒಳಗಿದ್ದುದು ಒಂದೇ ಚಿತ್ರ. ನಮ್ಮ ಮನೆಯಲ್ಲಿ ಎಂದೂ ಮಾಡದ ಕರಡಿಗೆ, ಎರಡೂ ಬದಿ ಹೆಬ್ಬೆರಳು ಕೂಡುವಷ್ಟು ತಗ್ಗು. ಕೆಳಗೆ ಕಕ್ಕಿ ತನ್ನ ತಾಯಿಗೆ ಬರೆದಿದ್ದಳು: "ಅವ್ವಾ, ಈ ಹಾಳಿ ಮ್ಯಾಲ ನಿನ್ನ ಹೆಬ್ಬಟ್ಟು ಇಟ್ಟು ಸುತ್ತ ಗೆರಿ ಹೊಡಿಸಿ ಕಳಸು. ನಿನ್ನ ಸೆಟದ ಬೆರಳಿಗೂ ತೆರಿಲಿಕ್ಕ ಬರೋ ಹಂಗ ಬಾವ್ನೋರ ಕೈಲೆ ಮಾಡಸ್ತೀನಿ."

ಅಪ್ಪ ಕಾಗದದ ಹಿಂಬದಿಯನ್ನೂ ತಿರುವಿ ನೋಡಿದ. ಏನೂ ಇರಲಿಲ್ಲ.

"ನನಗ ಮೊದಲ ಹೇಳಬಾರದಿತ್ತಾ?"

"ಹೇಳಿದ್ರ ಹೂಂ ಅಂತಿದ್ರೇನ್ರಿ, ಬಾವ್ನೋರ?"

ಮರುದಿನ ಅಪ್ಪ ತಾನೇ ಆ ಚಿತ್ರವನ್ನು ಬೇರೆ ಲಕೋಟೆಗೆ ಹಾಕಿ ಕಳಿಸಿದ, ಅಳತೆ ಬಂದ ಮೇಲೆ ಆ ಕರಡಿಗೆ ಮಾಡಿದ. ಬದಿಯ ತಗ್ಗು ತೆಗೆಯುವಾಗ ಮೊದಲ ಸಲ ನನ್ನನ್ನು ಕೇಳಿದ, "ಬೆರಳ ಎಲ್ಲಿ ಕೂಡ್ತದ, ತೋರಸು."

ಆದರೆ ಲಕೋಟೆ ಹರಿದ ಸಂಜೆಯೇ ಕಕ್ಕಿ ನನ್ನನ್ನು ಕೇಳಿದ್ದಳು, "ನೀ ಹೇಳಿದೇನ?"

"ಇಲ್ಲ ಕಕ್ಕಿ."

ಅವಳು ಪಾಠ ನಿಲ್ಲಿಸಲಿಲ್ಲ. ಬರೆದು ಮುಗಿಸಿದ ಚೊಕ್ಕ ಚಿತ್ರಗಳನ್ನಷ್ಟೇ ತಂದು ಮುಂದಿಡುತ್ತಿದ್ದಳು. ನನ್ನೆದುರು ಮತ್ತೆಂದೂ ತಪ್ಪಲಿಲ್ಲ.

ಈಗ ಅಪ್ಪನಿಲ್ಲ. ಉಮರ್ಗಾದಲ್ಲಿ ನಾನು ಹುಡುಗಿಯರಿಗೆ ಕೈಕೆಲಸ, ಚಿತ್ರ ಎರಡನ್ನೂ ಒಟ್ಟಿಗೇ ಕಲಿಸುತ್ತೇನೆ. ಒಂದು ಆಕಾರ ಮನಸ್ಸಿನಲ್ಲಿ ಮೂಡುವ ಬಗೆಯನ್ನು ಮಾತ್ರ ಅರ್ಧವೇ ಹೇಳಬಲ್ಲೆ. ಉಳಿದರ್ಧ ನನಗೆ ಸಿಗಲೇ ಇಲ್ಲ. ಹೋದ ಬೇಸಿಗೆಯಲ್ಲಿ, ಈಗ ಉದಗೀರದಲ್ಲಿರುವ ಕಕ್ಕಿಯ ಮನೆಗೆ ಹೋದಾಗ ಧೈರ್ಯ ಮಾಡಿದೆ. "ಕಕ್ಕಿ, ಅವತ್ತ ಅಪ್ಪಗ ಹೇಳಿದಾಕಿ ನಾನೇ."

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತವ್ವ. ಹೇಳಿದ್ದಕ್ಕ ಸಿಟ್ಟಿರಲಿಲ್ಲ, ನೀ ಸಣ್ಣಾಕಿ. ಕೇಳಿದಾಗ ಹೂಂ ಅಂದಿದ್ರ ಅವತ್ತೇ ಮರೀತಿದ್ದೆ."