ಉಪ್ಪಿನಮೂಟೆ

ಮೊನ್ನೆ ಶ್ರೀರಂಗಪಟ್ಟಣದ ನಮ್ಮ ಆಫೀಸಿನ ಅಂಗಳದಲ್ಲಿ ಯಾರೋ ಉದುರಿದ ಹೊಂಗೆ ಹೂವನ್ನು ಗುಡಿಸಿ ಗುಡ್ಡೆ ಹಾಕಿದ್ದರು. ಹಿಂದಿನ ದಿನ ನಾಲ್ಕು ಹನಿ ಬಿದ್ದಿತ್ತು. ಹಸಿ ಮಣ್ಣು ಮೆತ್ತಿದ ಹೂವಿನ ಘಾಟು ಕಿಟಕಿಯಿಂದ ಒಳಗೆ ಬಂತು. ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಂತಿತು. ಶೀಳನೆರೆ ಕಡೆಯ ನಮ್ಮೂರು, ಕೆರೆಯಂಗಳ, ದಡದ ಹೊಂಗೆ ಮರಗಳು, ಪಕ್ಕದ ಮನೆಯ ಅತ್ತೆ...

ಅತ್ತೆ ಅಂದರೆ ನೆಂಟರೇನಲ್ಲ, ಗೋಡೆಗೆ ಗೋಡೆ ತಾಗಿದ ಮನೆಯವರು, ಅಷ್ಟೇ. ನನಗೆ ಹುಟ್ಟಿನಿಂದಲೇ ಎರಡೂ ಕಾಲಿಗೆ ಬಲವಿಲ್ಲ. ಓರಗೆಯ ಮಕ್ಕಳು ಆಡಲು ಕೆರೆಯಂಗಳಕ್ಕೆ ಓಡುವಾಗ ನಾನು ಜಗಲಿಯಲ್ಲಿ ಕೂತು ಅವರು ಬಿಟ್ಟುಹೋದ ಚಪ್ಪಲಿ ಕಾಯುತ್ತಿದ್ದೆ. ಒಂದು ಸಂಜೆ ಎಮ್ಮೆಗೆ ಹುಲ್ಲು ಹಾಕಿ ಬಂದ ಅತ್ತೆ ಏನನ್ನಿಸಿತೋ ಏನೋ, ನನ್ನನ್ನು ಬೆನ್ನಿಗೆ ಹಾಕಿಕೊಂಡು ಹೊರಟೇಬಿಟ್ಟರು.

"ಬೀಳ್ತಳೆ ಕಣಕ್ಕ!" ಅಂತ ಅಮ್ಮ ಹಿಂದೆಯೇ ಓಡಿಬಂದಳು.

"ಬಿದ್ರೆ ಬೀಳ್ಲಿ ಬುಡವ್ವ, ಅಲ್ಲಿರದು ಮಣ್ ತಾನೆ?" ಅಂದರು ಅತ್ತೆ, ತಿರುಗಿಯೂ ನೋಡದೆ.

ಕೆರೆಯಂಗಳದಲ್ಲಿ ಹುಡುಗರು ನನ್ನನ್ನು ಮರದ ಕೆಳಗೆ ಕೂರಿಸಲು ಹೇಳಿದರು. ಅತ್ತೆ ಒಪ್ಪಲಿಲ್ಲ. "ನೋಡಕ್ ಬಂದಿಲ್ಲ ಕಣ್ರಲಾ, ಆಡಕ್ ಬಂದಿರದು. ಎಲ್ರೂ ಉಪ್ಪಿನಮೂಟೆ ಆಗಿ" ಅಂದರು. ಉಪ್ಪಿನಮೂಟೆ ಅಂದರೆ ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು. ಅವತ್ತಿನಿಂದ ನಮ್ಮೂರಿನ ಮುಟ್ಟಾಟವೇ ಬದಲಾಯಿತು. ಅಟ್ಟಿಸಿಕೊಂಡು ಬರುವವರ ಬೆನ್ನ ಮೇಲೂ ಒಬ್ಬರು, ತಪ್ಪಿಸಿಕೊಂಡು ಓಡುವವರ ಬೆನ್ನ ಮೇಲೂ ಒಬ್ಬರು. ಗುಂಪಿನಲ್ಲಿ ಕಿವಿ ಕೇಳದ ಹುಡುಗಿಯೊಬ್ಬಳಿದ್ದಳು. ಅವಳಿಗೆ ತಿಳಿಯಲೆಂದು ಅತ್ತೆ ಕೂಗುವ ಬದಲು ಸೆರಗು ಬೀಸಿ ಆಟ ಶುರುಮಾಡುತ್ತಿದ್ದರು.

ನನ್ನ ಜೋಡಿ ಯಾವಾಗಲೂ ಅತ್ತೆಯೇ. ಅವರು ಕನಿಕರಕ್ಕೆ ಆಡುತ್ತಿದ್ದರು ಅಂದುಕೊಳ್ಳಬೇಡಿ. ಗೆಲ್ಲಲಿಕ್ಕೇ ಆಡುತ್ತಿದ್ದರು. ಸೋಲುವ ಹಾಗೆ ಕಂಡರೆ "ನೀ ಮುಟ್ಟಿದ್ದು ಸೀರೆಯ, ನನ್ನಲ್ಲ" ಅಂತ ಮಕ್ಕಳ ಜೊತೆ ಜಗಳಕ್ಕೇ ನಿಲ್ಲುತ್ತಿದ್ದರು. ನಾವಿಬ್ಬರೂ ಎಷ್ಟೋ ಸಲ ಕೆಸರಿಗೆ ಬಿದ್ದೆವು. ಮೊದಲ ಸಲ ಮೊಣಕೈ ತರಚಿದಾಗ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿದ್ದೇ ತೋರಿಸಿದ್ದು. ಆಡಿ ಮಾಡಿಕೊಂಡ ಗಾಯ ಅದು, ನನ್ನದೇ.

ನಾನು ಬೆಳೆದೆ, ಭಾರವಾದೆ. ಉಳಿದ ಮಕ್ಕಳು ಸೈಕಲ್ಲು ಹತ್ತಿ ಹೋದರು. ಆದರೂ ಸಂಜೆಯಾದರೆ ಗೋಡೆಯಾಚೆಗೆ "ಅತ್ತೇ, ಉಪ್ಪಿನಮೂಟೆ!" ಅಂತ ನಾನು ಕೂಗುವುದು ನಿಲ್ಲಲಿಲ್ಲ, ಅವರು ಬರುವುದೂ ನಿಲ್ಲಲಿಲ್ಲ. ಚಿಕ್ಕಮಕ್ಕಳ ಜೊತೆ ಆಟ ನಡೆದೇ ಇತ್ತು. ಒಂದು ದಿನ ಓಡುತ್ತಿದ್ದ ಅತ್ತೆ ನಡುವೆಯೇ ಕುಕ್ಕರಿಸಿದರು.

"ತಡಿ ಮಗ, ವಸಿ ಉಸ್ರು ಬುಡ್ತೀನಿ."

"ಏಳತ್ತೆ, ಔಟಾಯ್ತೀವಿ!" ಅಂತ ನಾನು ಅವರ ಭುಜಕ್ಕೆ ತಟ್ಟಿದೆ. ಅತ್ತೆ ಎದ್ದರು, ಓಡಿದರು, ನಾವು ಗೆದ್ದೆವು. ಆ ಗೆಲುವಿಗೆ ಅವರ ಬೆನ್ನ ಮೇಲೇ ನಾನು ಎಷ್ಟು ಕುಣಿದಿದ್ದೆನೋ...

ಆಮೇಲೆ ನಾನು ನಾಗಮಂಗಲದ ಹಾಸ್ಟೆಲಿಗೆ ಹೋದೆ, ಓದಿದೆ, ಕೆಲಸ ಸಿಕ್ಕಿತು, ಪಕ್ಕಕ್ಕೆ ಚಕ್ರ ಹಾಕಿಸಿದ ಸ್ಕೂಟರು ಬಂತು. ಊರಿಗೆ ಹೋದಾಗಲೆಲ್ಲ ಅತ್ತೆ ಇನ್ನಷ್ಟು ಬಾಗಿರುತ್ತಿದ್ದರು. ಕೊನೆಗೆ ಗೋಡೆ ಹಿಡಿಯದೆ ನಡೆಯಲಾರದಾದರು. ಒಮ್ಮೆ ಕಾಫಿ ತಂದುಕೊಟ್ಟ ಅವರ ಸೊಸೆ ನಗುತ್ತಲೇ, "ನಿನ್ನ ಹೊತ್ತೂ ಹೊತ್ತೂ ಇಂಗಾಗೈತೆ ಕಣವ್ವ ಆ ಬೆನ್ನು" ಅಂದಳು. ತಮಾಷೆಗೇ ಅಂದದ್ದು. ನಾನು ಕಾಫಿ ಲೋಟ ಕೆಳಗಿಟ್ಟೆ.

ಸೊಸೆ ಒಳಗೆ ಹೋದ ಮೇಲೆ ಕೇಳಿಯೇಬಿಟ್ಟೆ, "ನನ್ನಿಂದಾನಾ ಅತ್ತೆ?"

"ಹುಲ್ಲಿನ ಹೊರೆ ಹೊತ್ತಿಲ್ವಾ ನಾನು? ಭತ್ತದ ಮೂಟೆ ಹೊತ್ತಿಲ್ವಾ? ನಿಂದೊಂದೇ ಭಾರವಾ? ಸುಮ್ನೆ ಕಾಫಿ ಕುಡಿ ಮಗ."

ಇರಬಹುದು. ಹೊಲ, ಎಮ್ಮೆ, ಸಂಸಾರ ಎಲ್ಲವನ್ನೂ ಹೊತ್ತ ಬೆನ್ನು ಅದು. ಯಾವುದರಿಂದ ಬಾಗಿತು ಅಂತ ಯಾವ ಡಾಕ್ಟರೂ ಹೇಳಲಾರರು. ಆದರೆ ಉಳಿದ ಹೊರೆಗಳನ್ನೆಲ್ಲ ಬದುಕಿಗೆ ಬೇಕೆಂದು ಹೊತ್ತರು. ನನ್ನನ್ನು ಮಾತ್ರ ಆಟಕ್ಕೆಂದು ಹೊತ್ತರು. ಆದರೂ ಆ ಸಂಜೆಗಳು ಬೇಡವಾಗಿತ್ತು ಅನ್ನಲು ಬಾಯಿ ಬರುವುದಿಲ್ಲ. ಅದೇ ನನಗೆ ಇನ್ನೂ ನಾಚಿಕೆ.

ಅತ್ತೆ ಹೋದ ವರ್ಷ ತೀರಿಕೊಂಡರು. ಕೆರೆಯಂಗಳದ ಆಟ ನೆನಪಿಸಿಕೊಂಡರೆ ನನಗೆ ಅವರ ತುರುಬು ಕಾಣುತ್ತದೆ, ಬೆವರಿದ ಕುತ್ತಿಗೆ ಕಾಣುತ್ತದೆ. ಓಡುವಾಗ ಅವರು ನಗುತ್ತಿದ್ದರೋ, ನೋವಿಗೆ ಹಲ್ಲು ಕಚ್ಚಿದ್ದರೋ ನನಗೆ ಗೊತ್ತಿಲ್ಲ. ಬೆನ್ನ ಮೇಲೆ ಕೂತವಳಿಗೆ ಮುಖ ಎಲ್ಲಿ ಕಾಣಬೇಕು? ಈಗ ಆಫೀಸಿನ ಮೆಟ್ಟಿಲು ಹತ್ತಿಸಲು ಯಾರಾದರೂ ತೋಳು ಕೊಟ್ಟರೆ, ಹಿಡಿಯುವ ಮೊದಲು ಅವರ ಮುಖ ನೋಡುತ್ತೇನೆ.