ನನ್ನ ತುತ್ತು, ನನ್ನ ಕೈ

ಡಬ್ಬಿ ಎತ್ತಲು ಹೋದೆ. ಬಲಗೈ ಏಳಲಿಲ್ಲ.

ಐನಾಪುರದಲ್ಲಿ ನಮ್ಮದು ಹಿಟ್ಟಿನ ಗಿರಣಿ. ಆ ಗದ್ದಲದ ಮೇಲೆ ಕೂಗಿ ಕೂಗಿ ನನ್ನ ಗಂಟಲು ಇಡೀ ಓಣಿಗೆ ಪರಿಚಯ. ಆ ಮುಂಜಾನೆ ಜೋಳದ ಹಿಟ್ಟು ಡಬ್ಬಿ ತುಂಬಿ ನೆಲಕ್ಕೆ ಸುರಿಯುತ್ತಿತ್ತು. ಗಂಡನನ್ನು ಕರೆಯಲು ಬಾಯಿ ತೆರೆದರೆ ಬರೀ ಗೊರಗೊರ ಸದ್ದು. ಮಿರಜಿನ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿ ಸ್ಟ್ರೋಕ್ ಎಂದರು. ಜೀವ ಉಳಿಯಿತು. ಬಲಗೈ, ಬಲಗಾಲು ಸೋತವು. ಮಾತುಗಳೆಲ್ಲ ಹೋಗಿ ಒಂದೇ ಒಂದು ಉಳಿಯಿತು.

ಬ್ಯಾಡ.

ನೀರು ಬೇಕಾದರೂ ಬ್ಯಾಡ, ಹಸಿದರೂ ಬ್ಯಾಡ. ಒಳಗೆ ಮಾತು ಸರಿಯಾಗಿಯೇ ಇರುತ್ತಿತ್ತು. ತುಟಿಗೆ ಬರುವಷ್ಟರಲ್ಲಿ ಬ್ಯಾಡ ಆಗಿಬಿಡುತ್ತಿತ್ತು.

ಡಿಸ್ಚಾರ್ಜ್ ಆದ ಮೇಲೆ ನನ್ನ ಗಂಡ ಗಿರಣಿ ಮುಚ್ಚಿ ನನ್ನ ಹತ್ತಿರವೇ ಕೂತರು. ಮುಖ ತೊಳೆಸುವುದು, ತಲೆ ಬಾಚುವುದು, ತುತ್ತು ಬಾಯಿಗಿಡುವುದು, ಎಲ್ಲ ಅವರೇ. ನೋಡಲು ಬಂದವರು ನಾನು ಕಿವುಡಿಯೋ ಎಂಬಂತೆ ನನ್ನೆದುರೇ, "ಇಂಥಾ ಗಂಡ ಯಾರಿಗ ಸಿಗತಾನ" ಎನ್ನುತ್ತಿದ್ದರು. ಗಂಡನ ಪ್ರೀತಿಯಲ್ಲಿ ಸುಳ್ಳಿರಲಿಲ್ಲ. ಆದರೆ ದಿನದಿಂದ ದಿನಕ್ಕೆ ನಾನೊಂದು ಗಂಟಾಗುತ್ತಿದ್ದೆ. ಎತ್ತಿದರೆ ಏಳಬೇಕು, ಇಟ್ಟಲ್ಲಿ ಇರಬೇಕು.

ಅಥಣಿಯಿಂದ ಬರುತ್ತಿದ್ದ ಫಿಜಿಯೋಥೆರಪಿಸ್ಟ್ ಒಂದು ದಿನ ಗಂಡನಿಗೆ ನೇರವಾಗಿ ಹೇಳಿದರು: "ನೀವ ಉಣಿಸಿದ್ರ ಈ ಕೈ ಎಂದೂ ಕಲಿಯಾಂಗಿಲ್ರಿ. ಚೆಲ್ಲಿದ್ರ ಚೆಲ್ಲಲಿ ಬಿಡ್ರಿ."

"ಅಕಿಗಿ ತ್ರಾಸ ಆಗತೈತ್ರಿ," ಎಂದರು ನನ್ನ ಗಂಡ.

ಅಂದು ಸಂಜೆ ನಾನೇ ತಾಟು ಎಳೆದುಕೊಂಡೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ರೊಟ್ಟಿ ಮುರಿಯಲು ಬಲಗೈ ಬೆರಳು ಕೂಡಲಿಲ್ಲ. ಪಲ್ಯ ಮಡಿಲಿಗೆ ಬಿತ್ತು. ಅತ್ತೆ ಬಾಗಿಲಲ್ಲಿ ನಿಂತು ಮಗನಿಗೆ, "ಹೊತ್ತ ಮುಳಗಾಕತ್ತೈತಿ, ಉಣಿಸಿಬಿಡೋ. ಉಪವಾಸ ಮಲಗತಾಳ" ಎಂದರು. ಗಂಡ ತುತ್ತು ಹಿಡಿದು ಬಂದರು. ಎಡಗೈಯಿಂದ ತಳ್ಳಿದೆ.

"ಬ್ಯಾಡ!"

ಈ ಸಲ ನಾನು ಹೇಳಬೇಕೆಂದುಕೊಂಡದ್ದೇ ಅದು.

ಹೊತ್ತು ಮುಳುಗಿತು. ತಾಟು ಸರಿಸಿ ಹಸಿದೇ ಮಲಗಿದೆ. "ಎಷ್ಟ ಸೊಕ್ಕ ನೋಡ ಅಕಿದು," ಅತ್ತೆ ಅಂದದ್ದು ಕೇಳಿಸಿತು. ಖುಷಿಯಾಯಿತು. ಆಸ್ಪತ್ರೆ ಸೇರಿದಾಗಿನಿಂದ 'ಪಾಪ' ಎಂಬುದು ಬಿಟ್ಟು ಬೇರೆ ಮಾತನ್ನು ಯಾರೂ ನನ್ನ ಬಗ್ಗೆ ಆಡಿರಲಿಲ್ಲ.

ಮರುದಿನ ಬಿಸಿಲು ಜೋರಾಗಿರುವಾಗಲೇ ನನ್ನ ಗಂಡ ತಾಟು ತಂದಿಟ್ಟರು. ಎದುರಿಗೆ ಕೂತು ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡರು.

"ಉಣ್ಣು. ಇನ್ನಾ ಭಾಳ ಹೊತ್ತೈತಿ."

ಅವರ ಕಣ್ಣಲ್ಲಿ ನೀರಿತ್ತು. ಕೈ ಮಾತ್ರ ಮುಂದೆ ಬರಲಿಲ್ಲ.

ನನ್ನ ಕೈ ಕಲಿಯಲು ತಿಂಗಳುಗಳೇ ಹಿಡಿದವು. ಮಾತುಗಳು ಒಂದೊಂದಾಗಿ ಮರಳಿದವು, ಮೊದಲು ಬೈಗುಳ, ಆಮೇಲೆ ಉಳಿದವು. ಗಿರಣಿ ಮತ್ತೆ ಶುರುವಾಗಿದೆ. ಕಾಲು ಎಳೆಯುತ್ತದೆ, ಮುಷ್ಟಿ ಪೂರ್ತಿ ಬಿಚ್ಚುವುದಿಲ್ಲ. ಇನ್ನು ಇಷ್ಟೇ ಎಂದಿದ್ದಾರೆ ಡಾಕ್ಟರು. ಇರಲಿ. ಬಂದಷ್ಟಕ್ಕೆ ನಾನು ಋಣಿ.

ಮೊನ್ನೆ ಗೋಧಿ ತಂದ ಹೆಂಗಸೊಬ್ಬರು ನನ್ನನ್ನು ಬಿಟ್ಟು ಗಂಡನನ್ನು ಕೇಳಿದರು: "ಈಗ ಅಕಿಗಿ ತಿಳಿತೈತೇನ್ರಿ?"

"ಅಕಿನ್ನ ಕೇಳ್ರಿ," ಎಂದರು ಅವರು, ಗಿರಣಿಯ ಪಟ್ಟಾ ಸರಿಮಾಡುತ್ತ.

ಮಾತು ಕೂಡಿಸಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಕೆ ಕಾಯಬೇಕಾಯಿತು.

"ಸಣ್ಣಗ ಬೀಸಲೇನ್ರಿ... ದಪ್ಪಗೋ? ಜಲ್ದಿ ಹೇಳ್ರಿ, ಮಂದಿ ನಿಂತಾರ."